ತಿದ್ದಿದ ಸಾಲು ಎಲ್ಲಿ ಹೋಯಿತು?

ಸುಂಕದಕಟ್ಟೆಯ ಹನುಮಕ್ಕ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಲೆ ಸುತ್ತಿ ಬಿದ್ದರು. ಗ್ಲೂಕೋಸ್ ಏರಿಸಿದ ಮೇಲೆ ಸುಧಾರಿಸಿಕೊಂಡರೆಂದು ಬೆಳಿಗ್ಗೆ ಅವರ ಮನೆಯವರು ನಮ್ಮ ಆಫೀಸಿಗೆ ಫೋನ್ ಮಾಡಿದ್ದರು. ಮಾತ್ರೆ ಹಾಗೆ ನುಂಗಲು ಹೇಳಿದ್ದು ಔಷಧಿಯ ಹೊತ್ತು ನೆನಪಿಸುವ ನಮ್ಮ ಮೊಬೈಲ್ ಆಪ್— ‘ಊಟಕ್ಕೆ ಮೊದಲು’ ಎಂದು. ಇರಬೇಕಾದದ್ದು ‘ಊಟದ ನಂತರ’. ಆ ತಪ್ಪನ್ನು ಎರಡು ವಾರದ ಹಿಂದೆಯೇ ತಿದ್ದಲಾಗಿತ್ತು. ತಿದ್ದಿದ ಸಾಲು ಎಲ್ಲಿ ಹೋಯಿತು?

ಬಸವೇಶ್ವರನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಹತ್ತು ಗಂಟೆಗೆಲ್ಲ ತೀರ್ಪು ಸಿದ್ಧವಾಗಿತ್ತು. ಆಪ್‌ನ ಪ್ರೋಗ್ರಾಂ ನೋಡಿಕೊಳ್ಳುವ ಸಿದ್ದೇಶ್ ತನ್ನ ಸ್ಕ್ರೀನ್ ತಿರುಗಿಸಿ ತೋರಿಸಿದ. ತಪ್ಪು ಸಾಲಿನ ಪಕ್ಕದಲ್ಲಿ ಬರೆದವರ ಹೆಸರು— ಕಲಾವತಿ. ಕನ್ನಡ ಅನುವಾದಕ್ಕೆಂದು ಗದಗದಿಂದ ಬಂದ ಹುಡುಗಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇವತ್ತೇ ಕೊನೆಯ ದಿನ ಎಂದುಬಿಟ್ಟರು ಮಾಲೀಕ ಮೋಹನ್ ಕುಮಾರ್.

“ನಾನ ತಿದ್ದೀನ್ರೀ ಸಾರ್. ಮತ್ತ ನಾನ ಯಾಕ ಕೆಡಸಲಿ?” ಎಂದಳು ಕಲಾವತಿ.

ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ.

ಗುರುದೇವಿ ಮೇಡಂ ಮಾತ್ರ ಅವಳನ್ನೂ ನಂಬಲಿಲ್ಲ, ಸಿದ್ದೇಶನನ್ನೂ ನಂಬಲಿಲ್ಲ. ಆಪ್ ಪರೀಕ್ಷಿಸುವುದು ಅವರ ಕೆಲಸ, ಅನುಮಾನ ಅವರ ಹುಟ್ಟುಗುಣ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಕೆದಕಿದರು. ನಮ್ಮ ಕೆಲಸ ನಡೆಯುವುದು ಎರಡು ಬ್ರಾಂಚಿನಲ್ಲಿ, ಅಂದರೆ ಅವೇ ಫೈಲುಗಳ ಎರಡು ಪ್ರತಿಗಳಲ್ಲಿ. ಅನುವಾದಕರು ತಿದ್ದುವುದು ಒಂದರಲ್ಲಿ, ಜನರ ಫೋನಿಗೆ ಹೋಗುವುದು ಇನ್ನೊಂದರಿಂದ. ಆಗಾಗ ಎರಡನ್ನೂ ಸೇರಿಸಬೇಕು.

ಆಮೇಲೆ ಎಲ್ಲರನ್ನೂ ಕರೆದರು.

“ಇಷ್ಟೊತ್ತು ಏನ್ ನೋಡಿದ್ರಿ ಸಾರ್?”

“ಕನ್ನಡದ ಸಾಲು,” ಎಂದರು ಮೋಹನ್ ಕುಮಾರ್.

“ನಮಗೆ ಓದಕ್ಕೆ ಬರೋದು ಅದೊಂದೇ. ತಮಿಳು, ತೆಲುಗು ಫೈಲ್ ಯಾರಾದ್ರೂ ತೆಗೆದ್ರಾ? ನಾನು ಹಳೇ ಫೈಲ್ ಪಕ್ಕಕ್ಕಿಟ್ಟು ಹೋಲಿಸ್ದೆ. ಅವೂ ಹಳೇದಕ್ಕೇ ಹೋಗಿವೆ— ಶುಕ್ರವಾರ, ಒಂದೇ ನಿಮಿಷದಲ್ಲಿ. ಕಲಾವತಿಗೆ ಕನ್ನಡ ಬಿಟ್ಟು ಬೇರೆ ಫೈಲ್ ಮುಟ್ಟೋ ಅನುಮತಿನೇ ಇಲ್ಲ.”

“ಹೆಸರು ಅವಳದೇ ಇದೆಯಲ್ಲ?” ಎಂದರು ಮೋಹನ್ ಕುಮಾರ್.

“ಮೊದಲು ತಪ್ಪು ಬರೆದೋಳು ಅವಳೇ, ತಿದ್ದಿದೋಳೂ ಅವಳೇ. ಹಳೇ ಸಾಲು ವಾಪಸ್ ಬಂದ್ರೆ ಅದರ ಜೊತೆ ಹಳೇ ಹೆಸರೂ ಬರುತ್ತೆ. ವಾಪಸ್ ತಂದೋರ ಹೆಸರು ಅಲ್ಲಿ ಕಾಣಲ್ಲ.”

ನಡೆದದ್ದನ್ನು ಅವರು ಬಿಡಿಸಿ ಹೇಳಿದರು. ಶುಕ್ರವಾರ ಬ್ರಾಂಚ್‌ಗಳನ್ನು ಸೇರಿಸುವಾಗ ಸಾಲುಗಳು ಹೊಂದಲಿಲ್ಲ. ಯಾವುದು ಇರಲಿ ಎಂದು ಕಂಪ್ಯೂಟರ್ ಒಂದೊಂದಾಗಿ ಕೇಳಿತು. ಓದಿ ಆರಿಸಬೇಕಾದವನು ‘ಎಲ್ಲವೂ ಹಳೆಯದೇ ಇರಲಿ’ ಎಂದು ಒಂದೇ ಸಲ ಒತ್ತಿ ಕೈ ತೊಳೆದುಕೊಂಡ. ಸೇರಿಸುವ ಅಧಿಕಾರ ಇದ್ದದ್ದು ಒಬ್ಬನಿಗೆ ಮಾತ್ರ.

“ಅಲ್ವಾ ಸಿದ್ದೇಶ್? ಯಾವಾಗ ಗೊತ್ತಾಯ್ತು ನಿಂಗೆ?”

ಸಿದ್ದೇಶ್ ನೆಲ ನೋಡಿದ. “ಬೆಳಿಗ್ಗೆ ಫೋನ್ ಬಂದಾಗ್ಲೇ ಮೇಡಂ.”

ಮಾಡಿದ ತಪ್ಪಿಗಿಂತ ಆ ಮಾತು ಕೇಳಿ ನನಗೆ ಹೆಚ್ಚು ಅಸಹ್ಯವಾಯಿತು. ಮೋಹನ್ ಕುಮಾರ್ ತಡವರಿಸುತ್ತ ಕಲಾವತಿಗೆ ಕೆಲಸ ಕಾಯಂ ಎಂದರು.

“ಮಾಡ್ತೀನ್ರೀ ಸಾರ್. ಆದ್ರ ಇನ್ನ ಈ ಸಿದ್ದೇಶ್ ಅವ್ರ ಬಾಜೂಕ ಕೂಡಂಗಿಲ್ಲ.”

ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೆ ಬಂದಳು. ನಾನು ಜಾಗ ಬಿಟ್ಟುಕೊಟ್ಟೆ. ಅವಳ ಮುಖ ನೋಡಲು ಮಾತ್ರ ಆಗಲಿಲ್ಲ.