ಪರದೆಯ ಮೇಲೆ ಎರಡು ಚುಕ್ಕೆ

"ಅಕ್ಕಾ, ಸಂಜೆಯೊಳಗೆ ಪೊಲೀಸರನ್ನ ಕರೀತಾರಂತೆ!"

ಫಿಕ್ರಿಯೆ, ಗಡಿಯಾರ ರಿಪೇರಿ ಮಾಡುವ ರುಸಾಂಕಾಳ ಅಂಗಡಿಯ ಹೊಸ್ತಿಲಲ್ಲೇ ಕುಸಿದಳು. ಬಲ್ಗೇರಿಯಾದ ಪ್ಲೋವ್ದಿವ್ ನಗರದ ಆ ಹಳೇ ಕಟ್ಟಡದಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಬರುತ್ತಿದ್ದುದು ನೆಲಮಹಡಿಯ ಈ ಹೆಂಗಸಿನ ಬಳಿಗೇ.

ಮೇಲಿನ ಅನುವಾದ ಕಚೇರಿಯಲ್ಲಿ ಮಾರ್ಚ್ ಒಂದರ ಬೆಳಗ್ಗೆ ನಾಲ್ಕು ದುಬಾರಿ ಲ್ಯಾಪ್‌ಟಾಪ್‌ಗಳ ಪರದೆ ಒಟ್ಟಿಗೇ ಬಿರುಕು ಬಿಟ್ಟಿದ್ದವು. ಹೋದ ವರ್ಷವೂ ಅದೇ ದಿನ ಎರಡು ಹಾಳಾಗಿದ್ದವು. ಆಗ ಯಂತ್ರದ ದೋಷವೆಂದು ಸುಮ್ಮನಾಗಿದ್ದರು. ಈ ಸಲ ಸರ್ವಿಸ್ ಸೆಂಟರಿನವರು, 'ಒಳಗೆ ಗಟ್ಟಿ ವಸ್ತು ಇಟ್ಟು ಒತ್ತಿದ್ದಾರೆ, ನಮ್ಮ ತಪ್ಪಲ್ಲ' ಎಂದು ಬರೆದುಕೊಟ್ಟರು. ಎಲ್ಲರೂ ಹೋದ ಮೇಲೆ ಒರೆಸಿ, ಗುಡಿಸಿ, ಬೀಗ ಹಾಕುವವಳು ಫಿಕ್ರಿಯೆ. ಅನುಮಾನ ಅವಳ ಮೇಲೆಯೇ ಬಿತ್ತು.

ತಾನು ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಮೂರು ದಿನದಿಂದ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಒರೆಸುವಾಗ ಜೋರಾಗಿ ಒತ್ತಿದೆನೇ? ಹೆದರಿಕೆ ಅವಳ ನೆನಪನ್ನೂ ಅವಳಿಂದ ಕಿತ್ತುಕೊಂಡಿತ್ತು.

ರುಸಾಂಕಾ ಭೂತಗನ್ನಡಿ ಹಿಡಿದು, ಫಿಕ್ರಿಯೆಯನ್ನೂ ಕರೆದುಕೊಂಡು ಮೇಲೆ ಹೋದಳು. ನಾಲ್ಕರಲ್ಲೂ ಪರದೆಯ ನಡುವೆ ಸಾಸಿವೆಯಷ್ಟು ಎರಡೆರಡು ಚುಕ್ಕೆ. ಬಿರುಕುಗಳೆಲ್ಲ ಅಲ್ಲಿಂದಲೇ ಹೊರಟಿದ್ದವು. ಲೆಕ್ಕ ನೋಡುವ ಕಲೀನಾಳ ಹಳೇ ದಪ್ಪ ಲ್ಯಾಪ್‌ಟಾಪ್ ಮಾತ್ರ ಚೆನ್ನಾಗಿತ್ತು.

"ಇದನ್ನೂ ನೀನೇ ಒರೆಸಿದ್ದಾ?"

"ಹೂಂ ಅಕ್ಕಾ, ಎಲ್ಲಾನೂ ಒಂದೇ ಬಟ್ಟೇಲಿ."

ರುಸಾಂಕಾ ಒಡೆದ ಲ್ಯಾಪ್‌ಟಾಪೊಂದನ್ನು ಎತ್ತಿಕೊಂಡು, ಎಲ್ಲರನ್ನೂ ಯಜಮಾನ ಸ್ತಾಮೆನ್‌ನ ಕೋಣೆಗೆ ಕರೆಸಿದಳು.

"ಗಡಿಯಾರದ ಮುಳ್ಳು ತಿರುಗಿಸೋರು ಇನ್ನು ಕಂಪ್ಯೂಟರ್ ಪಾಠ ಮಾಡ್ತಾರೆ, ಕೇಳ್ರಪ್ಪ," ಎಂದ ಸ್ತಾಮೆನ್, ಫೋನನ್ನು ಕೈಯಲ್ಲೇ ಹಿಡಿದು.

"ಕಲೀನಾ, ಕೈ ಚಾಚಮ್ಮ."

ಕಚೇರಿಯ ಉಳಿದವರಂತೆ ಅವಳ ಮಣಿಕಟ್ಟಿನಲ್ಲೂ ಮಾರ್ಚ್ ಒಂದಕ್ಕೆ ಶುಭಕ್ಕೆಂದು ಆ ಊರವರು ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರವಿತ್ತು. ಅದರಲ್ಲಿ ಎರಡು ಗಾಜಿನ ಮಣಿ.

"ಯಾರು ಕೊಟ್ಟಿದ್ದು?"

"ನಾನೇ. ನಮ್ಮಮ್ಮ ಹೆಣೆದಿದ್ದು," ಎಂದ ಸ್ತಾಮೆನ್. "ಪ್ರತಿ ವರ್ಷ ಎಲ್ಲರಿಗಿಂತ ಮೊದ್ಲು ಬಂದು, ಒಬ್ಬೊಬ್ಬರ ಲ್ಯಾಪ್‌ಟಾಪ್ ಒಳಗೆ..." ಅವನ ಕಣ್ಣು ಒಡೆದ ಪರದೆಯತ್ತ ಹೋಯಿತು.

"ಇಟ್ಟು ಮುಚ್ಚಿದ್ರಿ, ತೆಗೆದಾಗ ಖುಷಿಯಾಗ್ಲಿ ಅಂತ," ಎಂದು ರುಸಾಂಕಾ ಕಲೀನಾಳ ಕೈ ಹಿಡಿದು ಮಣಿಗಳನ್ನು ಪರದೆಯ ಚುಕ್ಕೆಗಳ ಮೇಲಿಟ್ಟಳು. ಸರಿಯಾಗಿ ಕೂತವು. "ಹೋದ ವರ್ಷ ಈ ತೆಳು ಯಂತ್ರ ಇದ್ದದ್ದು ಎರಡೇ, ಈ ವರ್ಷ ನಾಲ್ಕು. ಕಲೀನಾಳ ಹಳೇದ್ರಲ್ಲಿ ಮಣಿಗೆ ಜಾಗ ಇತ್ತು, ಉಳೀತು. ಒಂದು ಮಣಿಯನ್ನೂ ತಾಳದ ಹಾಗೆ ಯಂತ್ರ ಮಾಡಿ ಮಾರೋದೂ ದೋಷವೇ. ಮುಚ್ಚಳ ತೆಗೆದಾಗ ಎಲ್ಲರೂ ದಾರ ನೋಡಿದ್ರಿ. ಶುಭವಾಗ್ಲಿ ಅಂತ ಕೊಟ್ಟಿದ್ದರ ಮೇಲೆ ಯಾರಿಗೆ ಅನುಮಾನ ಬರುತ್ತೆ? ಫಿಕ್ರಿಯೆಗೆ ಇದು ಗೊತ್ತೇ ಆಗ್ಲಿಲ್ಲ. ಅವಳಿಗೆ ನೀವು ದಾರ ಕೊಟ್ಟಿದ್ರೆ ತಾನೇ!"

ಸ್ತಾಮೆನ್ ಫೋನನ್ನು ಮೇಜಿನ ಮೇಲಿಟ್ಟ. "ತಪ್ಪಾಯ್ತಮ್ಮ," ಎಂದ ಫಿಕ್ರಿಯೆಗೆ, ಸಣ್ಣಗೆ.

ಭಯ ಕಳೆಯಿತೆಂದು ಫಿಕ್ರಿಯೆ ತನಗೆ ತಾನೇ ಹೇಳಿಕೊಂಡಳು. ಹತ್ತಿರವಿದ್ದ ಕುರ್ಚಿ ಹಿಡಿದು ಕುಳಿತಳು. ಅದು ಯಜಮಾನನ ಕುರ್ಚಿ. ಆರು ವರ್ಷ ಅದರ ಧೂಳು ಒರೆಸಿದ್ದಳು, ಕೂತಿರಲಿಲ್ಲ. 'ಎದ್ದೇಳು' ಎಂದು ಯಾರೂ ಅನ್ನಲಿಲ್ಲ.