ಅಧ್ಯಕ್ಷರ ಕೋಣೆಗೆ ಬಿದ್ದ ಬೀಗ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡಾಸ್ಪತ್ರೆಯ ಲಾಂಡ್ರಿ ಕಾರ್ಮಿಕರ ಸಂಘದ ಅಧ್ಯಕ್ಷರು ಏದುಸಿರು ಬಿಡುತ್ತಾ ಠಾಣೆಗೆ ಬಂದು ದೂರು ಕೊಟ್ಟರು. ಊಟದ ಬಿಡುವಿನಲ್ಲಿ ಅವರು ಒಳಗಿರುವಾಗಲೇ ಯಾರೋ ಅವರ ಕೋಣೆಗೆ ಹೊರಗಿನಿಂದ ಬೀಗ ಜಡಿದಿದ್ದರು. ಕಾವಲುಗಾರ ಬಂದು ಚಿಲಕ ಮುರಿಯುವಷ್ಟರಲ್ಲಿ ಕೆಲಸಗಾರರು ಅಂಗಳದಲ್ಲಿ ಸೇರಿ, ಕೈಯೆತ್ತಿ, ತಮ್ಮದೇ ಹೊಸ ಸಂಘ ಕಟ್ಟಿಕೊಂಡಾಗಿತ್ತು.

ಆಗಿನ ಕಾನೂನಿನಲ್ಲಿ ಸರ್ಕಾರ ಒಪ್ಪಿದ ಸಂಘ ಬಿಟ್ಟು ಬೇರೆ ಸಂಘ ಕಟ್ಟುವುದು ಅಪರಾಧ. ಅಂಥ ಸಭೆ ನಡೆದರೆ ಯಾರ್‍ಯಾರು ಕೈಯೆತ್ತಿದರೆಂದು ಮೇಲಕ್ಕೆ ತಿಳಿಸಬೇಕಾದವರು ಈ ಅಧ್ಯಕ್ಷರೇ; ಕಣ್ಣಾರೆ ಕಂಡ ಅವರ ಸಾಕ್ಷಿಯಿಲ್ಲದೆ ಯಾರ ಮೇಲೂ ಕೇಸು ನಿಲ್ಲುವುದಿಲ್ಲ.

ಎಫ್‌ಐಆರ್ ದಾಖಲಾಯಿತು. ಅದರ ಹಿಂದೆಯೇ ಮೇಲಧಿಕಾರಿಯ ಫೋನ್ ಬಂತು. "ಸಂಜೆಯೊಳಗೆ ಒಬ್ಬರಾದ್ರೂ ಒಳಗಿರಬೇಕು." ಇನ್‌ಸ್ಪೆಕ್ಟರ್ ಇಸ್ತ್ರಿ ವಿಭಾಗದ ಹೆಂಗಸನ್ನು ಕರೆಸಿದರು. ಹೊಸ ಸಂಘದ ಮಾತು ಮೊದಲು ಎತ್ತಿದವಳು ಅವಳೆಂದು ಸುದ್ದಿಯಿತ್ತು.

"ಬೀಗ ಹಾಕಿದ್ದು ನೀನೇನಮ್ಮಾ?"

"ಇಲ್ಲ ಸಾರ್. ನಂಗ್ಯಾಕೆ ಹೊಳೀಲಿಲ್ಲ ಅಂತ ಈಗ ಹೊಟ್ಟೆ ಉರೀತಿದೆ."

"ಮತ್ತೆ ಯಾರು?"

"ಗೊತ್ತಿಲ್ಲ. ಅಧ್ಯಕ್ಷರು ಬಂದೇ ಬರ್ತಾರೆ ಅಂತ ಎಲ್ರೂ ಆ ಕಡೆನೇ ನೋಡ್ತಿದ್ವಿ. ಬರ್ಲೇ ಇಲ್ಲ. ನಮಗೂ ತಲೆ ಕೆಟ್ಟುಹೋಯ್ತು."

ಅವಳನ್ನು ಲಾಕಪ್ಪಿಗೆ ಹಾಕಿದರು. "ಮಗಳು ಸ್ಕೂಲಿಂದ ಬರೋ ಹೊತ್ತು ಸಾರ್, ಪಕ್ಕದ ಮನೆಗೆ ಹೇಳಿ ಕಳಿಸಿ" ಎಂದಷ್ಟೇ ಕೇಳಿಕೊಂಡಳು.

ನಾಲ್ಕೂವರೆಗೆ ಇನ್‌ಸ್ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಪಂಚನಾಮೆಗೆ ಹೊರಟರು. ಅಧ್ಯಕ್ಷರ ಕೋಣೆ ಬಾಯ್ಲರ್ ಹಿಂದಿತ್ತು. ಗೋಡೆಯೆಲ್ಲ ಆವಿಗೆ ಬೆವೆತು ಸುಣ್ಣ ಉದುರುತ್ತಿತ್ತು. ದಫೇದಾರ ಮೇಜಿನ ಮೇಲಿನ ಫೋನ್ ಎತ್ತಿ ಕಿವಿಗಿಟ್ಟುಕೊಂಡ.

"ಸರಿಯಾಗೇ ಇದೆ ಸಾರ್. ಒಂದು ಫೋನ್ ಮಾಡಬಹುದಿತ್ತಲ್ಲ?"

ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. "ಗಾಬರೀಲಿ ಹೊಳೀಲಿಲ್ಲ."

"ಕಿಟಕಿಗೆ ಸರಳಿಲ್ಲ. ಹಾರಬಹುದಿತ್ತು," ಎಂದರು ಇನ್‌ಸ್ಪೆಕ್ಟರ್.

"ಈ ದೇಹ ಇಟ್ಕೊಂಡಾ?" ಎಂದು ಅಧ್ಯಕ್ಷರು ಹೊಟ್ಟೆ ಸವರಿಕೊಂಡು, ಮೈಗೆ ಹುಷಾರಿಲ್ಲವೆಂದು ಮನೆಗೆ ಹೋದರು.

ಅವರು ಅತ್ತ ಹೋಗುತ್ತಲೇ ದಫೇದಾರ ಕಿಟಕಿಯ ಕಟ್ಟೆ ತೋರಿಸಿದ. ಹಿಂದಿನ ಓಣಿಯ ಕೆಸರು ಮೆತ್ತಿದ ಒಂದು ಬೂಟಿನ ಗುರುತು.

"ತುದಿ ಒಳಮುಖ ಇದೆ ಸಾರ್. ಹೊರಗೆ ಹೋದವರದಲ್ಲ, ಒಳಗೆ ಬಂದವರದು."

"ಬಂದವನು ಎಲ್ಲಿ ಹೋದ?"

"ಚಿಲಕ ಮುರಿದಾಗ ಒಳಗಿದ್ದಿದ್ದು ಅಧ್ಯಕ್ಷರೊಬ್ರೇ ಸಾರ್."

ತನ್ನ ಕೋಣೆಗೆ ತಾನೇ ಬೀಗ ಹಾಕಿ, ಕಿಟಕಿ ಹತ್ತಿ ಒಳಗೆ ಕೂರುವವರುಂಟೇ? ಇನ್‌ಸ್ಪೆಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಮುರಿದ ಚಿಲಕದಲ್ಲಿ ನೇತಾಡುತ್ತಿದ್ದ ಬೀಗವನ್ನು ದಫೇದಾರನ ಕೈಗೆ ಕೊಟ್ಟು, ಅವನೊಂದಿಗೆ ಅಧ್ಯಕ್ಷರ ಮನೆಗೆ ನಡೆದರು.

ಬಾಗಿಲಲ್ಲಿ ಅವರ ಹೆಂಡತಿ ಮೊಣಕಾಲ ಹತ್ತಿರ ಹರಿದ ಪ್ಯಾಂಟು ಹೊಲಿಯುತ್ತಾ ಕೂತಿದ್ದರು. ದಫೇದಾರನ ಕೈ ನೋಡಿ ಎದ್ದು ನಿಂತರು.

"ಅಯ್ಯೋ, ನಮ್ಮ ಹಿತ್ತಲ ಬಾಗಿಲ ಬೀಗ! ಬೆಳಿಗ್ಗೆಯಿಂದ ಹುಡುಕಿ ಸಾಕಾಯ್ತು. ಎಲ್ಲಿ ಸಿಕ್ತಪ್ಪಾ?"

ಒಳಗೆ ಮಂಚದ ಮೇಲಿದ್ದ ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

"ಯಾರನ್ನಾದ್ರೂ ಹಿಡಿದ್ರಾ?" ಅವರೇ ಮೊದಲು ಕೇಳಿದರು.

"ಇಸ್ತ್ರಿಯವಳನ್ನ."

"ಬಿಡಿ ಅವಳನ್ನ. ಹಾಕಿದ್ದು ನಾನೇ."

"ಯಾಕೆ?"

"ಸಭೆ ಇದೆ ಅಂತ ಗೊತ್ತಾಯ್ತು. ಹೋದ್ರೆ ಯಾರ್‍ಯಾರು ಅಂತ ಕಣ್ಣಿಗೆ ಬೀಳುತ್ತೆ. ಆಮೇಲೆ ನಿಮ್ಮವರು ಕೂರಿಸಿ ಕೇಳ್ತಾರೆ. ಎರಡು ಏಟಿಗೆ ಎಲ್ಲಾ ಕಕ್ಕಿಬಿಡೋ ಜೀವ ಸಾರ್ ನಂದು, ನನಗೇ ಗೊತ್ತು. ನೋಡದೇ ಇದ್ರೆ ಕಕ್ಕೋದಕ್ಕೆ ಏನಿರುತ್ತೆ?"

"ದೂರು ಯಾಕೆ ಕೊಟ್ರಿ?"

"ಕೊಡದಿದ್ರೆ ಯಾಕೆ ಹೋಗ್ಲಿಲ್ಲ ಅಂತ ಕೇಳ್ತಿದ್ರು. ಬೇರೆಯವರನ್ನ ಹಿಡೀತೀರಿ ಅಂತ ಅಂದ್ಕೊಂಡಿರ್ಲಿಲ್ಲ."

ಅವರ ಹೆಂಡತಿ ಸೂಜಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಬೈಯಬೇಕೋ ಅಳಬೇಕೋ ತಿಳಿಯದೆ, ಅರ್ಧ ಹೊಲಿದ ಪ್ಯಾಂಟನ್ನೇ ಗಂಡನ ಕೈಗಿತ್ತರು.

ಆರೂಮುಕ್ಕಾಲಿಗೆ ಸುಳ್ಳು ದೂರಿನ ಆರೋಪದ ಮೇಲೆ ಅಧ್ಯಕ್ಷರ ಬಂಧನವಾಯಿತು. ಇಸ್ತ್ರಿಯವಳು ಲಾಕಪ್ಪಿನಿಂದ ಹೊರಬಂದಾಗ ಅವರು ಬೆಂಚಿನ ಮೇಲೆ ಬೂಟು ಬಿಚ್ಚುತ್ತಿದ್ದರು. ದಫೇದಾರ ವಿಷಯ ಹೇಳಿದ. ಅವಳು ಬೆಂಚಿನ ಹತ್ತಿರ ಹೋದಳು.

"ಏನ್ ಅಧ್ಯಕ್ಷರೇ, ಒಂದು ಮಾತು ಹೇಳಿದ್ರೆ ನಾವೇ ಬೀಗ ಹಾಕ್ತಿದ್ವಲ್ಲ."

"ಹಾಕಿದ್ದು ಯಾರು ಅಂತ ಆಗ ನಂಗೆ ಗೊತ್ತಾಗಿಬಿಡ್ತಿತ್ತಲ್ಲಮ್ಮಾ."

ವರದಿಯಲ್ಲಿ ಉದ್ದೇಶ ಬರೆಯುವ ಕಡೆ ಇನ್‌ಸ್ಪೆಕ್ಟರ್ ಎರಡು ಸಲ ಬರೆದು ಹೊಡೆದುಹಾಕಿದರು. ಕೊನೆಗೆ ಹೀಗೆ ಬರೆದರು: ಆರೋಪಿಗೆ ಏನೂ ತಿಳಿಯುವುದು ಬೇಕಿರಲಿಲ್ಲ.