ಕನಕರಾಜುವಿನ ಕಪ್ಪು ಚೌಕ

ಸುಧಾಗೆ ಬಂದದ್ದು ಅಂತಿಂಥ ಸಿಟ್ಟಲ್ಲ. ಸೆಮಿನಾರ್ ಹಾಲಿನ ಪರದೆಯ ಮೇಲೆ ಅವಳ ಮನೆತನವೇ ವಂಶವೃಕ್ಷವಾಗಿ ಬಂದು ಕೂತಿತ್ತು. ವೃತ್ತ ಅಂದರೆ ಹೆಂಗಸು, ಚೌಕ ಅಂದರೆ ಗಂಡಸು. ಅಪ್ಪ ಅಮ್ಮನ ನಡುವೆ ಜೋಡಿ ಗೆರೆ, ಅಮ್ಮ ಸೋದರಮಾವನನ್ನೇ ಮದುವೆಯಾದದ್ದಕ್ಕೆ. ಕೆಳಗೆ ಕಪ್ಪು ಬಳಿದ ಒಂದು ಚೌಕ. ಅದು ಹುಟ್ಟುಕಿವುಡನಾದ ಅವಳ ಅಣ್ಣ ಕನಕರಾಜು.

"ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿನ ಒಂದು ಕುಟುಂಬ," ಅಂತ ಕಡ್ಡಿ ಆಡಿಸುತ್ತಾ ವಿವರಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಸಾಲಿಗ್ರಾಮದ ನೀಲಕಂಠ. ಮೈಸೂರಿನ ಎಂ.ಎಸ್ಸಿ. ಮಾಲಿಕ್ಯುಲರ್ ಬಯಾಲಜಿಯಲ್ಲಿ ಎರಡು ವರ್ಷವೂ ಅವಳ ಲ್ಯಾಬ್ ಪಾರ್ಟ್‌ನರ್. ಲ್ಯಾಬಿನಲ್ಲಿ ಡಿಎನ್ಎ ಜೆಲ್ ಪರೀಕ್ಷೆ ಓಡಿ ಮುಗಿಯುವ ತನಕ ಕ್ಯಾಂಟೀನಿನಲ್ಲಿ ಕೂತು, ಅವಳ ಕಣ್ಣನ್ನೇ ನೋಡುತ್ತಾ ಮನೆಯ ಕಥೆಯೆಲ್ಲ ಕೇಳಿಸಿಕೊಂಡವನು. ನಂಬಿ ಹೇಳಿದ್ದಳು, ಪಾಪ. ಇಡೀ ಕ್ಲಾಸಿನಲ್ಲಿ ರಾವಂದೂರಿನವಳು ಅವಳೊಬ್ಬಳೇ. ಎಲ್ಲರ ತಲೆಯೂ ಒಟ್ಟಿಗೆ ಅವಳ ಕಡೆ ತಿರುಗಿತು.

ಪ್ರೊಫೆಸರಿಗೆ ಖುಷಿಯೋ ಖುಷಿ. "ವೆರಿ ಗುಡ್! ಇವರ ರಕ್ತ ತರಿಸಿ, ಜೀನ್ ನೋಡೇಬಿಡೋಣ," ಅಂದರು. ಟೀ ತರಿಸಿ ಅಂದ ಹಾಗೆ!

ಹೊರಗೆ ಬಂದವಳೇ ಅವನನ್ನು ಮೆಟ್ಟಿಲ ಮೇಲೆ ತಡೆದಳು.

"ನಾಚ್ಕೆ ಆಗಲ್ವೇನ್ರೀ ನಿಮಗೆ?"

ಎರಡು ವರ್ಷದಲ್ಲಿ ಅವಳು ಅವನಿಗೆ ‘ರೀ’ ಅಂದದ್ದು ಅದೇ ಮೊದಲು. ಅವನ ಮುಖ ಪೆಚ್ಚಾಯಿತು.

"ಹೆಸ್ರು ಎಲ್ಲೂ ಹಾಕಿಲ್ವಲ್ಲ ಸುಧಾ... ಒಳ್ಳೇ ಕೇಸು ಅಂತ..."

"ಕೇಸಾ? ಬಟ್ಟೆ ಹೊಲ್ದು ನನ್ನ ಓದಿಸ್ತಿರೋ ಅಣ್ಣ ಕಣ್ರೀ ಅವನು! ಅವನ್ನ ಒಂದು ಮಾತು ಕೇಳಿದ್ರಾ? ಕಿವಿ ಕೇಳಲ್ಲ ಅಂದ್ರೆ ಮರ್ಯಾದೇನೂ ಇಲ್ವಾ? ಇನ್ನೊಂದ್ಸಲ ಎದುರಿಗೆ ಬನ್ನಿ, ಗ್ರಹಚಾರ ಬಿಡಿಸ್ತೀನಿ!"

ಹಾಸ್ಟೆಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹಾಳಾದವನ ಮೇಲೆ ಪ್ರೀತಿ ಇಲ್ಲದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿತ್ತೇ?

ಭಾನುವಾರ ಅವಳು ಊರಿನಲ್ಲಿದ್ದಳು. ಅಣ್ಣ ಜಗಲಿಯಲ್ಲಿ ಮೆಷಿನ್ ತುಳಿಯುತ್ತಿದ್ದ. ಬೆಳಗಿನ ಬಸ್ಸಿಳಿದು ನೀಲಕಂಠ ಬಂದ, ಕೈಯಲ್ಲಿ ಪ್ರೊಜೆಕ್ಟರಿನಿಂದ ಪರದೆಗೆ ಬಿಟ್ಟಿದ್ದ, ವಂಶವೃಕ್ಷ ಬರೆದ ಆ ಪ್ಲಾಸ್ಟಿಕ್ ಹಾಳೆ.

"ಯಾಕ್ ಬಂದ್ರಿ?"

"ನಿನ್ನ ಹತ್ರ ಅಲ್ಲ. ಅಣ್ಣನ ಹತ್ರ ಮಾತಾಡ್ಬೇಕು. ನೀನು ಸನ್ನೇಲಿ ಹೇಳು, ಸಾಕು."

ಹೇಳಿದಳು, ಉಪ್ಪು ಖಾರ ಸೇರಿಸಿಯೇ ಹೇಳಿದಳು. ಇವನು ಕಳ್ಳ, ನಮ್ಮನೆ ಗುಟ್ಟು ಕದ್ದು ಊರಿಗೆಲ್ಲ ತೋರಿಸಿದ.

ನೀಲಕಂಠ ಹಾಳೆಯನ್ನು ಕನಕರಾಜುವಿನ ಕೈಗಿಟ್ಟ. "ನಿಮ್ಮನ್ನ ಕೇಳ್ದೇ ತಪ್ಪು ಮಾಡ್ದೆ ಅಣ್ಣ. ರಕ್ತ ತರಲ್ಲ ಅಂತ ಸರ್ ಹತ್ರ ಹೇಳಿ ಬೈಸ್ಕೊಂಡೂ ಆಯ್ತು. ಇದು ನಿಮ್ದು, ಇಟ್ಕೊಳ್ಳಿ, ಬೇಡಾಂದ್ರೆ ಹರಿದಾಕಿ."

ಕನಕರಾಜು ಹಾಳೆಯನ್ನು ಬಿಸಿಲಿಗೆ ಹಿಡಿದು, ಇದರಲ್ಲಿ ನಾನೆಲ್ಲಿ ಅಂತ ಕೈಯಲ್ಲೇ ಕೇಳಿದ. ಸುಧಾ ಕಪ್ಪು ಚೌಕ ತೋರಿಸಿದಳು. ಅವನು ಅದನ್ನು ನೋಡಿದ, ನೀಲಕಂಠನನ್ನು ನೋಡಿದ. ಆಮೇಲೆ ತನ್ನ ಹುರಿಮೀಸೆ ತಿರುವಿ, ಚೌಕದಲ್ಲಿ ಈ ಮೀಸೆ ಎಲ್ಲಯ್ಯಾ ಅಂತ ಕೈ ಆಡಿಸಿದ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಭಾಗ್ಯಮ್ಮ ಕಿಸಕ್ಕನೆ ನಕ್ಕರು. "ಬುಡವ್ವ ಸುಧಾ, ತಪ್ಪಾಯ್ತು ಅಂತಾವ್ನೆ. ಕೂರ್ಸು ಮದ್ಲು."

ಸುಧಾ ನಗಲಿಲ್ಲ. ಅಷ್ಟರಲ್ಲಿ ಕನಕರಾಜು ನೀಲಕಂಠನತ್ತ ಬೆರಳು ಮಾಡಿ, ತಂಗಿಯತ್ತ ಮಾಡಿ, ಎದೆಯ ಮೇಲೆ ಕೈಯಿಟ್ಟು ಹುಬ್ಬೇರಿಸಿದ.

"ಏನಂತೆ?" ನೀಲಕಂಠ ಕೇಳಿದ.

ಸುಧಾಳ ಕೆನ್ನೆ ಕೆಂಪಾಗಿತ್ತು. "ಕಾಫಿ ಕುಡೀತೀರಾ ಅಂತೆ."

ಅವನು ಅವಳ ಕಡೆ ತಿರುಗಲೇ ಇಲ್ಲ. ಕನಕರಾಜುವನ್ನೇ ನೋಡುತ್ತಾ ನಿಧಾನಕ್ಕೆ ತಲೆ ಆಡಿಸಿದ. "ಹೂಂ ಅನ್ನು. ಎರಡು ವರ್ಷದಿಂದ."

ಅವಳಿಗೆ ಅಳುವೂ ಬಂತು, ಅವನ ತಲೆಗೊಂದು ಮೊಟಕೋಣ ಅಂತಲೂ ಅನ್ನಿಸಿತು.

"ನನ್ ಸಿಟ್ಟು ಇನ್ನೂ ಇಳಿದಿಲ್ಲ ಕಣೋ."

"ಯಾವಾಗ ಇಳಿಯುತ್ತೆ?"

"ಪ್ರತಿ ಭಾನುವಾರ ಬಾ. ಅಣ್ಣನ ಭಾಷೆ ಕಲಿ. ನನ್ನ ಕೊಡಿ ಅಂತ ಒಂದಿನ ನಿನ್ನ ಕೈಯಾರೆ ಅವನನ್ನ ಕೇಳು, ನಾನು ಮಧ್ಯ ನಿಂತು ಸನ್ನೆ ಮಾಡಲ್ಲ. ಅವತ್ತು ಇಳಿಯುತ್ತೆ."